ಇಸ್ತ್ರಿಮನೆಯಿಂದ ಹೋದ ಮಾತು

ಅಕ್ಕನ ಮಕ್ಕಳ ಮೊದಲ ಹಾಡಿನ ಆಲ್ಬಮ್‌ಗೆ ನಮ್ಮ ಮನೆಯಿಂದ ಮೊದಲು ಹೋದದ್ದು ಬಟ್ಟೆ ಸಾಗಿಸುವ ವ್ಯಾನು. ಅದು ಸ್ಟುಡಿಯೋ ಬಾಡಿಗೆಗೆ. ಆಮೇಲೆ ಅಕ್ಕನ ಬಳೆ ಡ್ರಮ್ ಸೆಟ್ಟಿಗೆ ಹೋಯಿತು. ಭಾವ ಹಲ್ಲು ಕಟ್ಟಿಸಿಕೊಳ್ಳಲು ಇಟ್ಟಿದ್ದ ದುಡ್ಡು ಫೋಟೋ ತೆಗೆಯುವವನಿಗೆ ಹೋಯಿತು. ಹಾಗಾಗಿ ಪೋಸ್ಟರಿನಲ್ಲಿ ಕಿರಿಯವಳ ಹಲ್ಲು ಮುತ್ತಿನ ಹಾಗೆ ಹೊಳೆಯುತ್ತವೆ, ಭಾವ ಇವತ್ತಿಗೂ ಒಂದೇ ದವಡೆಯಲ್ಲಿ ಅಗಿಯುತ್ತಾರೆ. ಕೊನೆಗೆ ಹೋದದ್ದು ಗಂಜಿಪುಡಿಯ ಡಬ್ಬಿಯಲ್ಲಿ ಅಕ್ಕ ಕೂಡಿಟ್ಟಿದ್ದ ದುಡ್ಡು. ಅದು ರೋಲರಿನ ಕಂಬಿ ರಿಪೇರಿಗೆ ಇಟ್ಟದ್ದು. ಅದರಲ್ಲಿ ಮಕ್ಕಳಿಗೆ ಕುಣಿಯುವ ಶೂ ಬಂದವು.

ನಮ್ಮದು ಇಸ್ತ್ರಿಮನೆ. ಹೋಟೆಲುಗಳ ಹಾಸುಬಟ್ಟೆ, ಮೇಜುಬಟ್ಟೆ ಒಗೆದು, ಇಸ್ತ್ರಿ ಮಾಡಿ, ಮಡಿಸಿ ಕೊಡುವ ಕೆಲಸ. ಅಕ್ಕ ಯಜಮಾನಿ. ಭಾವ ಬಟ್ಟೆ ತರುವವರು, ಮುಟ್ಟಿಸುವವರು. ನಾನು ಅಕ್ಕನ ತಂಗಿ, ಮಡಿಸುವ ಮೇಜಿನವಳು. ಕೆಲಸದ ಕೋಣೆಯ ನಡುವೆ ರೋಲರ್ ಇದೆ. ಮಂಚಕ್ಕಿಂತ ಉದ್ದದ ಬಿಸಿ ಉರುಳೆಗಳು, ಒಂದರ ಮೇಲೊಂದು ಸದಾ ತಿರುಗುತ್ತಿರುತ್ತವೆ. ಆ ಕಡೆ ನಿಂತು ಇಬ್ಬರು ಒದ್ದೆ ಬಟ್ಟೆಯ ಅಂಚು ಹಿಡಿದು ಉರುಳೆಗಳ ಬಾಯಿಗೆ ಕೊಡುತ್ತಾರೆ. ಈ ಕಡೆ ಅದು ಹಪ್ಪಳದ ಹಾಗೆ ಗರಿಗರಿಯಾಗಿ ನನ್ನ ಕೈಗೆ ಬರುತ್ತದೆ. ಕೊಡುವಾಗ ಅಂಚು ಮಡಿಚಿಕೊಂಡರೆ ಸರಿಮಾಡಲು ಕೈ ತಾನಾಗಿ ಮುಂದೆ ಹೋಗುತ್ತದೆ. ಬಟ್ಟೆಯ ಜೊತೆ ಕೈಯೂ ಒಳಗೆ ಹೋಗುವುದು ಆಗಲೇ.

ಅದಕ್ಕೆಂದೇ ರೋಲರಿನ ಮುಂದೆ ಅಡ್ಡಲಾಗಿ ಒಂದು ಕಂಬಿ ಇರುತ್ತದೆ. ಬೆರಳು ಸೋಕಿದರೆ ಸಾಕು, ಉರುಳೆ ನಿಲ್ಲಬೇಕು. ನಮ್ಮದು ಯಾರೋ ಬಳಸಿ ಬಿಟ್ಟ ಮಷಿನ್ನು. ಬರುವಾಗಲೇ ಕಂಬಿಯ ಸ್ವಿಚ್ಚು ಕೆಟ್ಟಿತ್ತು. ಅದನ್ನು ಮಾಡಿದ ಕಾರ್ಖಾನೆಯವರೇ ಬಂದು ಹಾಕಬೇಕು, ಅವರು ಕೇಳುವುದು ಬಾಯಿಗೆ ಬಂದ ಬೆಲೆ. ಆದ್ದರಿಂದ ಕಂಬಿ ಮಾಡಬೇಕಾದ ಕೆಲಸವನ್ನು ನಮ್ಮಲ್ಲಿ ಒಂದು ಮಾತು ಮಾಡುತ್ತಿತ್ತು. ‘ತಡಿ.’

ಯಾರಾದರೂ ತಡಿ ಎಂದರೆ ಬಟ್ಟೆ ಕೊಡುವವರು ಕೈಲಿದ್ದದ್ದನ್ನು ಬಿಟ್ಟು ಹಿಂದೆ ಸರಿಯಬೇಕು. ಗೋಡೆಯ ಪಕ್ಕ ನಿಂತವರು ಕೆಂಪು ಗುಂಡಿ ಒತ್ತಬೇಕು. ಯಾಕೆ, ಏನು ಎಂದು ಕೇಳುವಂತಿಲ್ಲ. ಆ ಮಾತಿನ ಹರಿತ ಹೋಗಬಾರದು ಎಂದು ಅಕ್ಕ ಅದನ್ನು ಬೇರೆ ಯಾವುದಕ್ಕೂ ಬಳಸಗೊಡುತ್ತಿರಲಿಲ್ಲ. ಮಕ್ಕಳು ಊಟಕ್ಕೆ ಅವಸರ ಮಾಡಿದರೆ ‘ಇರ್ರೋ’ ಎನ್ನುತ್ತಿದ್ದಳು, ‘ತಾಳ್ರೋ’ ಎನ್ನುತ್ತಿದ್ದಳು. ತಡಿ ಎಂದು ಮಾತ್ರ ಅನ್ನುತ್ತಿರಲಿಲ್ಲ. ಒಮ್ಮೆ ಮನೆಗೆ ಬಂದ ನೆಂಟರೊಬ್ಬರು ಅಕ್ಕನ ಕಿರಿಮಗಳು ಗುಬ್ಬಿ ನೀರು ಬಗ್ಗಿಸುವಾಗ “ತಡಿ ಮಗಾ, ಸಾಕು” ಎಂದುಬಿಟ್ಟರು. ಗುಬ್ಬಿ ಹೂಜಿಯನ್ನೇ ಕೈಬಿಟ್ಟಳು. ನೆಂಟರ ಕಾಲೆಲ್ಲ ಒದ್ದೆ. ಅಕ್ಕ ಬೈಯುವುದು ಬಿಟ್ಟು ಮಗಳ ತಲೆ ಸವರಿದಳು.

ಗುಬ್ಬಿ ಕೊನೆಯವಳು. ಕುಣಿಯುವುದು ಅವಳಿಗೆ ಉಸಿರಾಟದಷ್ಟೇ ಸಲೀಸು. ನಡುವಿನವನು ಡೋಲು. ಅಂಬೆಗಾಲಿನಲ್ಲೇ ಸಿಕ್ಕಿದ ಪಾತ್ರೆಯನ್ನೆಲ್ಲ ಬಡಿಯುತ್ತಿದ್ದದ್ದಕ್ಕೆ ಬಿದ್ದ ಹೆಸರು. ಎಲ್ಲರಿಗೂ ದೊಡ್ಡವಳು ಪುಟ್ಟಕ್ಕ. ಅವಳ ದನಿ ದಪ್ಪ, ಸ್ವಲ್ಪ ಒರಟು, ಬೆಲ್ಲದಲ್ಲಿ ಕಲ್ಲು ಸಿಕ್ಕ ಹಾಗೆ. ಹಾಡು ಕಟ್ಟುವವಳೂ ಅವಳೇ, ಕೀಬೋರ್ಡ್ ನುಡಿಸುವವಳೂ ಅವಳೇ. ರೋಲರ್ ತಿರುಗುವಾಗ ಧುಪ್ ಎಂದು ಒಂದು ಸದ್ದು, ಹಿಂದೆಯೇ ಸುಸ್ ಎಂದು ಹಬೆ. ಮೂವರೂ ಆ ಸದ್ದಿನ ಮೇಲೇ ಹಾಡುತ್ತಾ ಬೆಳೆದವರು. ಭಾವ ರೇಡಿಯೋ ಹುಚ್ಚಿನವರು. ಇದಕ್ಕೆ ರಿದಮ್ ಅಂಡ್ ಬ್ಲೂಸ್ ಅಂತಾರೆ ಎಂದು ಅವರೇ ಹೇಳಿಕೊಟ್ಟರು. ಗುಂಪಿಗೆ ‘ಹಬೆ’ ಎಂದು ಹೆಸರಿಟ್ಟವರೂ ಅವರೇ. ಸಣ್ಣ ಸಣ್ಣ ಹಾಲ್‌ಗಳಲ್ಲಿ ಹಾಡಿ ಮಕ್ಕಳಿಗೆ ಒಂದಿಷ್ಟು ಹೆಸರೂ ಬಂತು.

ಒಂದು ದಿನ ಕೆಲಸದ ನಡುವೆ ಮಕ್ಕಳು ಹಾಡುವುದನ್ನು ಭಾವ ಮೊಬೈಲಿನಲ್ಲಿ ಹಿಡಿದರು. ಪುಟ್ಟಕ್ಕ ಮೇಲಕ್ಕೆ ಏರುತ್ತಿದ್ದಳು, ಡೋಲು ಖಾಲಿ ಸೋಪಿನ ಡ್ರಮ್ಮು ಬಡಿಯುತ್ತಿದ್ದ. ಅಷ್ಟರಲ್ಲಿ ಕೆಲಸದವಳೊಬ್ಬಳ ತೋಳು ಬಟ್ಟೆಗೆ ಸಿಕ್ಕಿಕೊಂಡಿತು. ಅಕ್ಕ “ತಡಿ!” ಎಂದಳು. ಹಾಡು, ಬಡಿತ, ರೋಲರ್ ಎಲ್ಲ ಕತ್ತರಿಸಿದ ಹಾಗೆ ನಿಂತವು. ಹಬೆಯ ಸದ್ದು ಮಾತ್ರ. ತೋಳು ಬಿಡಿಸಿ ಅಕ್ಕ “ಹೂಂ, ನಡೀಲಿ” ಎಂದಳು. ಮೂವರೂ ನಿಂತ ಕಡೆಯಿಂದಲೇ, ಕೂದಲೆಳೆಯಷ್ಟೂ ತಪ್ಪದೆ, ಹಾಡು ಎತ್ತಿಕೊಂಡರು.

ಭಾವ ಆ ರೆಕಾರ್ಡಿಂಗನ್ನು ಒಂದು ಹಾಡಿನ ಕಂಪನಿಗೆ ಕಳಿಸಿದರು. ಅಲ್ಲಿಂದ ಒಬ್ಬಾತ ಬಂದ. ಸದಾ ಹೆಡ್‌ಫೋನ್ ಹಾಕಿಕೊಂಡೇ ಇರುತ್ತಿದ್ದ, ನಾವು ಮಾತಾಡಿದರೆ ಒಂದು ಕಡೆಯದನ್ನು ಮಾತ್ರ ಸರಿಸಿ ಕೇಳುತ್ತಿದ್ದ. ಅಕ್ಕ ಅವನಿಗೆ ಕಿವಿಮುಚ್ಚ ಎಂದು ಹೆಸರಿಟ್ಟಳು. ಕೆಟ್ಟವನೇನಲ್ಲ. ಮಡಿಸುವ ಮೇಜಿನ ಮೇಲೆ ಕೂತು, ನಾನು ಮಡಿಸಿಟ್ಟಿದ್ದನ್ನೆಲ್ಲ ಮುದುರಿ, ಅದೊಂದು ತುಣುಕನ್ನೇ ಮತ್ತೆ ಮತ್ತೆ ಹಾಕಿ ಕೇಳಿದ.

“ಅಮ್ಮಾ, ಈ ನಿಲ್ಲೋದು ಇದ್ಯಲ್ಲಾ, ನಿಮ್ಮ ಈ ಒಂದು ಮಾತು! ಇದಕ್ಕೆ ಜನ ಸಾಯ್ತಾರೆ ನೋಡಿ.”

“ಸಾಯ್ಬಾರ್ದು ಅಂತಲೇ ಅದನ್ನ ಅನ್ನೋದು” ಎಂದಳು ಅಕ್ಕ.

ಅವನು ನಕ್ಕ. ಮಕ್ಕಳೂ ನಕ್ಕರು. ಅಕ್ಕ ನಗಲಿಲ್ಲ.

“ನೋಡಪ್ಪಾ, ಮಕ್ಕಳನ್ನ ಕರ್ಕೊಂಡು ಹೋಗು, ಹಾಡ್ಸು, ಕುಣಿಸು. ಆ ಮಾತು ಮಾತ್ರ ತೆಗೆದುಬಿಡು. ಅದು ಹಾಡಿನದಲ್ಲ, ಮಷಿನ್ನಿನದು.”

“ತೆಗೆದ್ರೆ ಏನ್ ಉಳಿಯತ್ತಮ್ಮಾ? ಚೆನ್ನಾಗಿ ಹಾಡೋ ಮಕ್ಕಳು ಗಲ್ಲಿಗೊಬ್ರು ಇದಾರೆ.”

ಅದು ಸುಳ್ಳಲ್ಲ ಎಂದು ನಮಗೂ ಗೊತ್ತಿತ್ತು. ಆಲ್ಬಮ್ ಬೇಕಾದರೆ ಆ ಮಾತು ಕೊಡಬೇಕು. ಕೊಡದಿದ್ದರೆ ಮಾತು ನಮ್ಮಲ್ಲೇ ಇರುತ್ತದೆ, ಆಲ್ಬಮ್ ಇರುವುದಿಲ್ಲ. ಅಕ್ಕ ಅವತ್ತು ಹೂಂ ಎನ್ನಲಿಲ್ಲ, ಊಹೂಂ ಎಂದೂ ಹೇಳಲಿಲ್ಲ. ಮಕ್ಕಳು ಸ್ಟುಡಿಯೋಗೆ ಹೋಗಿಬರತೊಡಗಿದರು.

ಕೆಲವು ವಾರ ಕಳೆದ ಮೇಲೆ ಭಾವ ಪೂರ್ತಿ ಆಲ್ಬಮ್ ತಂದು ಕೇಳಿಸಿದರು. ಒಂದೊಂದು ಹಾಡೂ ಸಿಪ್ಪೆ ಸುಲಿದ ಮೊಟ್ಟೆಯಷ್ಟು ನಯ. ಎಲ್ಲರ ದನಿಯೂ ಒಂದೇ ಎತ್ತರಕ್ಕೆ ಕತ್ತರಿಸಿದ ಬೇಲಿಯ ಹಾಗೆ. ಪುಟ್ಟಕ್ಕನ ದನಿಯಲ್ಲಿದ್ದ ಕಲ್ಲು ಎಲ್ಲಿಯೂ ಹಲ್ಲಿಗೆ ಸಿಗಲಿಲ್ಲ.

“ನಿನ್ನ ಗಂಟಲಿಗೂ ಇಸ್ತ್ರಿ ಹಾಕ್ಬಿಟ್ಟಿದಾರಲ್ಲೇ” ಎಂದೆ ನಾನು.

“ಹೌದು ಚಿಕ್ಕಮ್ಮಾ. ಗಂಜಿ ಕೂಡ ಹಾಕಿದಾರೆ” ಎಂದಳು. ನಗುತ್ತಲೇ ಎಂದಳು, ಕಣ್ಣು ಮಾತ್ರ ಕೆಳಗಿತ್ತು.

ಆಗ ಕೊನೆಯ ಹಾಡು ಬಂತು. ಕಿವಿಮುಚ್ಚ ನಮ್ಮ ಮೊಬೈಲಿನ ತುಣುಕನ್ನೇ ಅದರೊಳಗೆ ಕೂರಿಸಿದ್ದ. ಹಾಡು ಏರುತ್ತದೆ, ಅಕ್ಕನ ದನಿ “ತಡಿ!” ಎನ್ನುತ್ತದೆ, ಎಲ್ಲ ನಿಲ್ಲುತ್ತದೆ, ನಮ್ಮ ರೋಲರಿನ ಹಬೆ ಕೇಳುತ್ತದೆ, ಆಮೇಲೆ “ಹೂಂ, ನಡೀಲಿ.” ನನ್ನ ಮೈಯೆಲ್ಲ ಜುಮ್ಮೆಂದಿತು. ಅಕ್ಕ ಎದ್ದು ಹೋಗಿ ಅದನ್ನು ಆರಿಸಿದಳು.

“ಇದು ಬೇಡ. ನಾನೇ ಫೋನ್ ಮಾಡಿ ಹೇಳ್ತೀನಿ.”

“ಅಮ್ಮಾ” ಎಂದಳು ಪುಟ್ಟಕ್ಕ, “ಈ ಆಲ್ಬಮ್‌ನಲ್ಲಿ ಅದೊಂದೇ ನಮ್ಮದು. ಉಳಿದದ್ದೆಲ್ಲ ಅವರು ಒಗೆದು ಮಡಿಸಿ ಕೊಟ್ಟಿರೋದು. ಅದನ್ನೂ ತೆಗೆದ್ರೆ ನಾನು ಹಾಡಿದ್ದೀನಿ ಅಂತ ಯಾವ ಬಾಯಲ್ಲಿ ಹೇಳ್ಲಿ?”

“ಹೇಳ್ಬೇಡ. ಕೈ ಇರತ್ತೆ, ಇನ್ನೊಂದು ಹಾಡು ಕಟ್ತೀಯ.”

“ಏನಮ್ಮಾ ನೀನು! ಹಾಡಲ್ಲಿ ಬಂದ್ರೆ ಮಾತು ಸವೆದುಹೋಗತ್ತಾ?”

“ಬಾಗಿಲ ಚಿಲಕ ಬಿಚ್ಚಿ ಕೊರಳಿಗೆ ಹಾಕ್ಕೊಂಡ್ರೆ ಚೆನ್ನಾಗೇ ಕಾಣತ್ತೆ ಮಗಾ. ಕಳ್ಳ ಬಂದಾಗ ಬಾಗಿಲಿಗೆ ಏನ್ ಹಾಕ್ತೀಯ?”

“ಅಷ್ಟು ಭಯ ಇದ್ರೆ ಕಂಬಿ ರಿಪೇರಿ ಮಾಡ್ಸು” ಎಂದ ಡೋಲು.

ಅವನು ಹೇಳಿದ ಮೇಲೆ ತಾನೇ ತನ್ನ ಕಾಲು ನೋಡಿಕೊಂಡ. ಹೊಸ ಶೂ ಮಿಂಚುತ್ತಿತ್ತು.

“ಆಲ್ಬಮ್ ದುಡ್ಡು ಬಂದ ತಕ್ಷಣ ಮೊದಲು ಕಂಬಿಯೇ ಆಗ್ಲಿ” ಎಂದರು ಭಾವ. “ಇಷ್ಟು ವರ್ಷ ನಡೆದಿದೆ. ಇನ್ನೇನು, ಸ್ವಲ್ಪ ದಿನ.”

ಪುಟ್ಟಕ್ಕ ಅಮ್ಮನ ಕೈ ಹಿಡಿದುಕೊಂಡಳು. “ನಾನು ಇದುವರೆಗೆ ನಿನ್ನ ಹತ್ರ ಏನಾದ್ರೂ ಕೇಳಿದೀನಾ?” ಎಂದಳು. ಕೇಳಿರಲಿಲ್ಲ, ನಿಜ. ಅಕ್ಕ ಫೋನ್ ಮಾಡಲಿಲ್ಲ. ಆಲ್ಬಮ್‌ಗೆ ‘ತಡಿ’ ಎಂದೇ ಹೆಸರಾಯಿತು.

ಆಮೇಲೆ ಕುಣಿತ ಕಲಿಸುವವಳು ಬಂದಳು. ಮಧ್ಯಾಹ್ನ ರೋಲರ್ ಆರಿಸಿದ ಮೇಲೆ ನನ್ನ ಮೇಜು ಗೋಡೆಗೆ ತಳ್ಳಿ ಅಭ್ಯಾಸ. ತಡಿ ಎಂದೊಡನೆ ಮೂವರೂ ಎರಡೂ ಕೈ ಮೇಲೆತ್ತಿ ಬೊಂಬೆಯ ಹಾಗೆ ನಿಲ್ಲಬೇಕು. ಡೋಲು ಕೋಲು ಹಿಡಿದ ಕೈಗಳನ್ನು ತಲೆಯ ಮೇಲೆ ಎತ್ತಿ ಹಿಡಿಯಬೇಕು, ಮನಸ್ಸಿನಲ್ಲೇ ತಾಳ ಎಣಿಸಬೇಕು, ನಡೀಲಿ ಎಂದಾಗ ಎಲ್ಲರಿಗಿಂತ ಮೊದಲು ಅವನ ಕೋಲು ಬೀಳಬೇಕು. ಮೊದಮೊದಲು ಹುಡುಗನಿಗೆ ಆಗುತ್ತಲೇ ಇರಲಿಲ್ಲ. ತಡಿ ಎಂದೊಡನೆ ಅವನ ಕೈ ಗೋಡೆಯ ಕೆಂಪು ಗುಂಡಿಯ ಕಡೆಗೇ ಹೋಗುತ್ತಿತ್ತು.

“ಅಯ್ಯೋ, ಅಲ್ಲೇನಿದೆಯೋ ನಿನಗೆ? ಕೈ ಮೇಲೆ! ಮೇಲೆ!” ಎಂದು ಅವಳು ಕೂಗುವಳು. ದಿನಾ ಕೂಗಿದಳು. ಗುಬ್ಬಿ ಅಣಕಿಸಿದಳು. “ಡೋಲಣ್ಣಾ, ಲೈಟ್ ಆರಿಸ್ಬೇಡ, ಇನ್ನೂ ಹಾಡು ಮುಗಿದಿಲ್ಲ!” ಕೊನೆಗೂ ಅವನು ಕಲಿತ. ಮಡಿಸುವವಳ ಕಣ್ಣಿಗೆ ಮಡಿಕೆಯ ಗೆರೆ ಬದಲಾದದ್ದು ಬೇಗ ಕಾಣುತ್ತದೆ. ಒಂದು ದಿನ ಊಟದ ಹೊತ್ತಿಗೆ ಭಾವ ಬಾಯಿತಪ್ಪಿ “ತಡಿಯೇ, ಸಾರು ಬಿಸಿ ಇದೆ” ಎಂದರು. ಮೂವರ ಕೈಯೂ ಒಟ್ಟಿಗೆ ಮೇಲೆ ಹೋಯಿತು. ಗುಬ್ಬಿಯ ಕೈಯ ಸೌಟು ಕೂಡ. ಹೂಜಿ ಕೈಬಿಟ್ಟ ಹುಡುಗಿ ಸೌಟನ್ನು ಬಾವುಟದ ಹಾಗೆ ಹಿಡಿದು ನಿಂತಿದ್ದಳು. ಎಲ್ಲರೂ ಹೊಟ್ಟೆ ಹಿಡಿದು ನಕ್ಕೆವು. ಅಕ್ಕ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಹಾಡು ಹೊರಬಂದದ್ದೇ ಬಂದದ್ದು, ಬೆಂಕಿ ಬಿದ್ದ ಹಾಗೆ ಹಬ್ಬಿತು. ಬಸ್ಸಿನಲ್ಲಿ ಅದೇ, ಅಂಗಡಿಯಲ್ಲಿ ಅದೇ. ಶಾಲೆಯ ಮಕ್ಕಳು ರಸ್ತೆ ನಡುವೆ ‘ತಡಿ!’ ಎಂದು ಕೂಗಿ ಕೈಯೆತ್ತಿ ನಿಲ್ಲುವುದು, ಸೈಕಲ್ಲಿನವರು ಬೈಯುವುದು. ತರಕಾರಿಯವಳು ಅಕ್ಕನನ್ನು ನೋಡಿದರೆ ತಕ್ಕಡಿ ಎತ್ತಿ ಹಿಡಿದು “ಒಂದ್ಸಲ ಅನ್ನಕ್ಕಾ, ಎರಡು ನಿಂಬೆಹಣ್ಣು ಜಾಸ್ತಿ ಹಾಕ್ತೀನಿ” ಎನ್ನುವಳು. ದೊಡ್ಡ ದೊಡ್ಡ ಮೈದಾನಗಳಲ್ಲಿ ಕಾರ್ಯಕ್ರಮಗಳಾದವು. ಸಾವಿರಾರು ಕೈಗಳು ಒಮ್ಮೆಲೇ ಮೇಲೇಳುವುದನ್ನು ನಾನೂ ಹೋಗಿ ನೋಡಿದೆ. ಸುಳ್ಳು ಯಾಕೆ ಹೇಳಲಿ, ಕಣ್ಣು ತುಂಬಿ ಬಂತು.

ದುಡ್ಡು ಮಾತ್ರ ಬರಲಿಲ್ಲ. ಕಂಪನಿಯವರು ಪ್ರಚಾರಕ್ಕೆ ಮಾಡಿದ ಖರ್ಚು ಮೊದಲು ಮುರಿದುಕೊಳ್ಳಬೇಕಂತೆ, ಉಳಿದದ್ದು ನಮಗಂತೆ. ಹಾಗಾಗಿ ಸಂಜೆ ವೇದಿಕೆಯ ಮೇಲೆ ಮಿಂಚಿದ ಮಕ್ಕಳು ಬೆಳಿಗ್ಗೆ ಇಸ್ತ್ರಿಮನೆಯಲ್ಲಿ ಬೆವರುತ್ತಿದ್ದರು. ಬಟ್ಟೆ ತರಲು ವ್ಯಾನಿಲ್ಲದೆ ಭಾವ ಬಾಡಿಗೆ ಆಟೋಗಳಿಗಾಗಿ ಅಲೆಯುತ್ತಿದ್ದರು.

ಕೆಲಸದ ಹೆಂಗಸರು ರೋಲರಿನ ಮುಂದೆ ಆ ಹಾಡನ್ನೇ ಹಾಡಿ, ಬೇಕುಬೇಕೆಂದೇ ತಡಿ ಎಂದು ಕೂಗಿ ಒಬ್ಬರನ್ನೊಬ್ಬರು ಬೆದರಿಸಿ ನಗುತ್ತಿದ್ದರು. ಅಕ್ಕ ಆ ಹಾಡು ಬಾಯಲ್ಲಿ ಬಂದರೆ ಕೆಲಸವಿಲ್ಲ ಎಂದಳು. ಬಾಯಿ ಮುಚ್ಚಿದರು, ಹಾಡು ಬೀದಿಯಿಂದ ಕಿಟಕಿಯಲ್ಲಿ ಬಂತು. ಆಗ ಅಕ್ಕ ಬೇರೆ ಮಾತು ಹುಡುಕಿದಳು. “ಇನ್ಮೇಲೆ ‘ಬಿಡು’ ಅಂತೀನಿ” ಎಂದಳು. ಮಾರನೆಯ ದಿನ ಯಾರೋ ಯಾರಿಗೋ “ಹೋಗ್ಲಿ ಬಿಡು” ಎಂದದ್ದಕ್ಕೆ ನನ್ನ ಪಕ್ಕದವಳು ಮಡಿಸಿದ ಹಾಸುಬಟ್ಟೆಯ ಗಂಟನ್ನೇ ಕೆಸರು ನೆಲಕ್ಕೆ ಬಿಟ್ಟಳು. ಆಮೇಲೆ ಅಕ್ಕ ಕೊರಳಿಗೆ ಒಂದು ಸೀಟಿ ಕಟ್ಟಿಕೊಂಡಳು. ಊದಿದರೆ ಹಬೆಯ ಸುಸ್ ಯಾವುದು, ಸೀಟಿ ಯಾವುದು ಎಂದು ತಿಳಿಯುತ್ತಿರಲಿಲ್ಲ. ಆದರೂ ಅದನ್ನು ಬಿಚ್ಚಲಿಲ್ಲ.

ಅದಾದದ್ದು ಒಂದು ದಿನ ಮಧ್ಯಾಹ್ನಕ್ಕೆ ಮುಂಚೆ. ಯಾವುದೋ ಹೋಟೆಲಿಗೆ ಮೇಜುಬಟ್ಟೆ ಅರ್ಜೆಂಟಾಗಿ ಬೇಕಿತ್ತು. ಬಟ್ಟೆ ಕೊಡುವ ಕಡೆ ಪುಟ್ಟಕ್ಕ ಮತ್ತು ಒಬ್ಬ ಕೆಲಸದವಳು. ಗೋಡೆಯ ಪಕ್ಕ, ಗುಂಡಿಯ ಹತ್ತಿರ, ಡೋಲು ಒದ್ದೆ ಬಟ್ಟೆ ಬಿಡಿಸಿ ಕೊಡುತ್ತಿದ್ದ. ಅಕ್ಕ ಬಾಗಿಲ ಬಳಿ ಗಂಟು ಕಟ್ಟುತ್ತಿದ್ದಳು. ನಾನು ಈ ಕಡೆ, ಮಷಿನ್ನಿನ ಹಿಂದೆ.

ಮೇಜುಬಟ್ಟೆಯ ಅಂಚು ಮಡಿಚಿತು. ಪುಟ್ಟಕ್ಕನ ಬಲಗೈ ಅದನ್ನು ಬಿಡಿಸಲು ಮುಂದೆ ಹೋಯಿತು. ಅದು ಹೋಗುವುದನ್ನು ಉರುಳೆಯ ಮೇಲಿನಿಂದ ನಾನು ನೋಡಿದೆ, ಅಕ್ಕನೂ ನೋಡಿದಳು. ಕೊರಳಲ್ಲಿ ಸೀಟಿ ಇತ್ತು. ಹೊಸ ಮಾತೂ ಇತ್ತು. ಮಗಳ ಕೈ ಬೆಂಕಿಗೆ ಹೋಗುವಾಗ ತಾಯಿಯ ನಾಲಿಗೆಗೆ ಹೊಸದೇನೂ ಹೊಳೆಯುವುದಿಲ್ಲ.

“ತಡಿ!” ಎಂದಳು ಅಕ್ಕ.

ರೆಕಾರ್ಡಿನಲ್ಲಿದ್ದ ಅದೇ ದನಿ, ಅದೇ ಏರು. ಪುಟ್ಟಕ್ಕನ ಎಡಗೈ ಮೇಲೆ ಹೋಯಿತು, ಬಲಗೈಯನ್ನು ಬಟ್ಟೆ ಆಗಲೇ ಎಳೆದುಕೊಂಡಿತ್ತು. ಡೋಲುವಿನ ಎರಡು ಕೈಯೂ ತಲೆಯ ಮೇಲೆ ಹೋದವು. ಅಲ್ಲೇ ನಿಂತವು. ಅವನ ಕಣ್ಣು ಪುಟ್ಟಕ್ಕನ ಕೈಯನ್ನೇ ನೋಡುತ್ತಿತ್ತು, ಮುಖ ಬಿಳಿಚಿಹೋಗಿತ್ತು, ಅವನಿಗೆ ಎಲ್ಲ ಗೊತ್ತಾಗುತ್ತಿತ್ತು. ತುಟಿ ಮಾತ್ರ ತಾಳ ಎಣಿಸುತ್ತಿತ್ತು. ಗುಂಡಿ ಅವನ ಮೊಣಕೈಯಿಂದ ಒಂದು ಗೇಣು ದೂರದಲ್ಲಿತ್ತು.

ನಾನು ಮಷಿನ್ನು ಸುತ್ತಿಕೊಂಡು ಓಡಿ ಗುಂಡಿ ಒತ್ತಿದೆ. ಸುತ್ತಿಕೊಂಡು ಓಡಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಹುಡುಗಿಯ ಕೈ ಒಳಗಿತ್ತು.

ಆಸ್ಪತ್ರೆಯಲ್ಲಿ ಎಲ್ಲ ಬೆರಳು ಉಳಿಸಲು ಆಗಲಿಲ್ಲ. ಹೆಬ್ಬೆರಳು, ಅದರ ಪಕ್ಕದ್ದು ಉಳಿದವು, ಮಿಕ್ಕವು ಹೋದವು. ಪುಟ್ಟಕ್ಕ ಎಚ್ಚರವಾದ ಮೇಲೆ ಕೈ ನೋಡಿಕೊಳ್ಳಲಿಲ್ಲ, ತಮ್ಮನನ್ನು ಕೇಳಿದಳು. ಅವನು ಹೊರಗೆ ಮೆಟ್ಟಿಲ ಮೇಲೆ ಎರಡೂ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದ. ಕರೆದರೂ ಒಳಗೆ ಬರಲಿಲ್ಲ.

“ಅವನಿಗೆ ಬೈಬೇಡಮ್ಮಾ” ಎಂದಳು. “ಆ ಮಾತು ಬೇಕು ಅಂದವಳು ನಾನು.”

“ಮಾತಾಡ್ಬೇಡ, ಮಲಕ್ಕೋ” ಎಂದಳು ಅಕ್ಕ. ತಾನು ಹೇಳಿದ್ದೆ ಎಂದು ಅವತ್ತೂ ಅನ್ನಲಿಲ್ಲ, ಆಮೇಲೂ ಅನ್ನಲಿಲ್ಲ. ಅನ್ನಲು ಬಂದ ಬೇರೆಯವರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿದಳು.

ಕಿವಿಮುಚ್ಚ ಹೂ ಹಿಡಿದುಕೊಂಡು ಬಂದ. ಅವತ್ತು ಹೆಡ್‌ಫೋನ್ ಕೊರಳಿಗೆ ಇಳಿಸಿದ್ದ. ನಿಜವಾಗಿಯೂ ಅತ್ತ. “ಏನು ಬೇಕಾದ್ರೂ ಕೇಳಿ ಅಮ್ಮಾ, ನನ್ನ ಕೈಲಾದ್ದು ಮಾಡ್ತೀನಿ” ಎಂದ.

“ಹಾಡಿಂದ ಆ ಮಾತು ತೆಗೆದುಬಿಡು.”

ಅವನು ಹೂವನ್ನು ಹಾಸಿಗೆಯ ಬದಿಗಿಟ್ಟ. “ಅದು ಈಗ ನನ್ನ ಕೈಲಿಲ್ಲಮ್ಮಾ. ಜನರ ಬಾಯಲ್ಲಿದೆ.”

“ಗೊತ್ತು” ಎಂದಳು ಅಕ್ಕ. “ಕೇಳು ಅಂದೆಯಲ್ಲ, ಅದಕ್ಕೆ ಕೇಳಿದೆ.” ಹೂವನ್ನು ಪಕ್ಕದ ಹಾಸಿಗೆಯ ಮುದುಕಿಗೆ ಕೊಟ್ಟಳು.

ಕಂಪನಿಯವರಿಗೆ ಎರಡನೆಯ ಆಲ್ಬಮ್ ಬೇಕಿತ್ತು. ಕೀಬೋರ್ಡಿಗೆ ಬೇರೆಯವರನ್ನು ಹಾಕೋಣ, ಡ್ರಮ್ಮಿನ ಕೆಲಸ ಕಂಪ್ಯೂಟರ್ ಮಾಡುತ್ತದೆ, ಮುಖ ಹೇಗೂ ಗುಬ್ಬಿಯದೇ ಎಂದರು. ಗುಬ್ಬಿ ಹೋದಳು. ಹೋಗಬೇಡ ಎನ್ನಲು ನಮ್ಮಲ್ಲಿ ಯಾರಿಗೂ ಬಾಯಿ ಬರಲಿಲ್ಲ, ಹೋಗು ಎನ್ನಲೂ ಬರಲಿಲ್ಲ. ಈಗ ಒಬ್ಬಳೇ ಹಾಡುತ್ತಾಳೆ. ಮನೆಗೆ ಬಂದರೆ ಅಕ್ಕನ ಪಕ್ಕ ಕೂತು ಅವಳ ತಲೆ ಬಾಚಿ ಜಡೆ ಹಾಕುತ್ತಾಳೆ, ಹಾಡಿನ ವಿಷಯ ತೆಗೆಯುವುದಿಲ್ಲ. ಡೋಲು ಡ್ರಮ್ ಸೆಟ್ಟು ಮಾರಿ ಹಳೆಯದೊಂದು ವ್ಯಾನು ಕೊಂಡ. ಬಟ್ಟೆ ಸಾಗಿಸುತ್ತಾನೆ, ಕೆಲಸದ ಕೋಣೆಯೊಳಗೆ ಕಾಲಿಡುವುದಿಲ್ಲ. ಗಂಟು ಬಾಗಿಲಲ್ಲಿಟ್ಟು ಹೋಗುತ್ತಾನೆ. ಪುಟ್ಟಕ್ಕ ಬಟ್ಟೆ ಎಣಿಸಿಕೊಳ್ಳುತ್ತಾಳೆ, ಎಡಗೈಯಲ್ಲಿ ಚೀಟಿ ಬರೆಯುವುದು ಕಲಿತಿದ್ದಾಳೆ. ಹಾಡುತ್ತೀಯಾ ಎಂದು ಯಾರಾದರೂ ಕೇಳಿದರೆ “ಗಂಟಲಿಗೇನಾಗಿದೆ, ಹಾಡಬಹುದು” ಎನ್ನುತ್ತಾಳೆ. ಹಾಡಿದ್ದನ್ನು ನಾನು ಕೇಳಿಲ್ಲ.

ಆಲ್ಬಮ್‌ನ ದುಡ್ಡು ಕಡೆಗೂ ಒಂದು ಸಲ ಬಂತು. ಅಕ್ಕ ಅದನ್ನು ಮುಟ್ಟದೆ ಹಾಗೆಯೇ ಕಾರ್ಖಾನೆಯವರಿಗೆ ಕೊಟ್ಟಳು. ಅವರು ಬಂದು ಕಂಬಿಗೆ ಹೊಸ ಸ್ವಿಚ್ಚು ಹಾಕಿ ಹೋದರು. ಮಿಕ್ಕದ್ದು ಭಾವನ ಹಲ್ಲಿಗೆ ಸಾಲಲಿಲ್ಲ.

ನಮಗೆ ಬಂದದ್ದು ಇಷ್ಟೇ: ಕೆಲಸ ಮಾಡುವ ಒಂದು ಕಂಬಿ. ಹೋದದ್ದು ಪುಟ್ಟಕ್ಕನ ಬೆರಳು, ಡೋಲುವಿನ ತಾಳ, ಮತ್ತೆ ಆ ಮಾತು. ಈಗ ಬೆರಳು ಸೋಕಿದರೆ ಸಾಕು, ರೋಲರ್ ತಾನಾಗಿ ನಿಲ್ಲುತ್ತದೆ. ಯಾರೂ ಏನೂ ಅನ್ನಬೇಕಾಗಿಲ್ಲ.